ಗಾಳಿಯನ್ನು ಕರೆತಂದ ರಾಯಭಾರಿ

ನಿಮ್ಮಜ್ಜಿಯ ಅಜ್ಜಿ ತೊಟ್ಟಿಲಲ್ಲಿದ್ದ ಕಾಲಕ್ಕೂ ಎಷ್ಟೋ ಹಿಂದೆ, ಕಡಲ ದಂಡೆಯಲ್ಲಿ ಹವಳಪಟ್ಟಣ ಎಂಬ ರಾಜ್ಯವಿತ್ತು. ಅಲ್ಲಿಯ ಗಾಳಿಯನ್ನೆಲ್ಲ ದೂರದ ದ್ವೀಪದ ಮಾಯಾವಿ ಕರಾಳಾಕ್ಷ ಕದ್ದು, ಒಂದು ಗಡಿಗೆಯಲ್ಲಿ ಮುಚ್ಚಿಟ್ಟಿದ್ದ. ಹಾಯಿಗಳು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದವು. ದೋಣಿಗಳು ದಡ ಬಿಡಲಿಲ್ಲ, ಮನೆಮನೆಯಲ್ಲೂ ಅರೆಹೊಟ್ಟೆ.

"ಮಾಯಾವಿಯ ಬಳಿ ರಾಯಭಾರಕ್ಕೆ ಯಾರು ಹೋಗುತ್ತೀರಿ?" ಎಂದು ಅರಸ ಕೇಳಿದ. ಮಂತ್ರಿಗೆ ಒಮ್ಮೆಲೇ ಕೆಮ್ಮು ಬಂತು. ಸೇನಾಪತಿಗೆ ಮಂಡಿನೋವು ಬಂತು. ಕಡೆಗೆ ಎದ್ದು ನಿಂತವಳು ದೋಣಿ ನಡೆಸುವ ಪದುಮಲೆ. ಗಂಡನಿಲ್ಲದ ಅವಳಿಗೆ ಇದ್ದದ್ದು ಐದು ವರ್ಷದ ಮಗಳು ನೀಲವ್ವ ಒಬ್ಬಳೇ. ಮಗಳನ್ನು ತಂಗಿಯ ಮಡಿಲಿಗೆ ಹಾಕಿ, "ಹೋಗಿ ಬರ್ತೀನಿ ಮಗಾ" ಅಂದಳು.

"ಯಾವಾಗ ಬರ್ತೀಯಾ?"

"ಗಾಳಿ ಕರ್ಕೊಂಡು ಬರ್ತೀನಿ."

ಹುಟ್ಟು ಹಾಕುತ್ತಾ ಹೋದಳು, ಹೋದಳು, ಕೊಕ್ಕರೆಗಳ ಅರಸನ ನಾಡು ಸೇರಿದಳು. ಮಾಯಾವಿಯ ದ್ವೀಪದ ದಾರಿ ಗೊತ್ತಿದ್ದದ್ದು ಅವನಿಗೆ ಮಾತ್ರ. ಆದರೆ ಆ ಆಸ್ಥಾನದಲ್ಲಿ ಅರಸ ಮಾತಾಡುವ ತನಕ ಅತಿಥಿ ತುಟಿ ತೆರೆಯುವಂತಿಲ್ಲ. ನಮ್ಮ ಪದುಮಲೆಯೋ ನಿದ್ದೆಯಲ್ಲೂ ಹರಟುವವಳು! ಐದು ವರ್ಷ ಹಲ್ಲು ಕಚ್ಚಿ ಕೂತಳು. ಆಗ ಅರಸ, "ನನ್ನ ಮಾತಿಗಾಗಿ ಕಾದವಳು ನೀನೊಬ್ಬಳೇ ಕಣಮ್ಮ" ಎಂದು ದಾರಿ ಹೇಳಿಕೊಟ್ಟ.

ದಾರಿಯಲ್ಲೊಂದು ದೊಡ್ಡ ಸುಳಿ. ಅದನ್ನು ದಾಟಿಸಬಲ್ಲವಳು ಆಮೆಗಳ ರಾಣಿ. ರಾಣಿಯ ಒಂದು ಊಟ ಹುಣ್ಣಿಮೆಯಿಂದ ಹುಣ್ಣಿಮೆಗೆ ಮುಗಿಯುತ್ತಿತ್ತು, ಅಲ್ಲಿಯ ತನಕ ಪಂಕ್ತಿಯಿಂದ ಯಾರೂ ಏಳುವಂತಿಲ್ಲ. ಒಂದು ಊಟ ಮುಗಿಯುವಷ್ಟರಲ್ಲಿ ಮುಂದಿನದಕ್ಕೆ ಎಲೆ ಹಾಕುತ್ತಿದ್ದರು. ಹೀಗೆ ಅಲ್ಲೂ ಐದು ವರ್ಷ ಕಳೆಯಿತು. ಕಡೆಗೆ ರಾಣಿ ಅವಳನ್ನು ಬೆನ್ನ ಮೇಲೆ ಕೂರಿಸಿ ಸುಳಿ ದಾಟಿಸಿದಳು.

ಕರಾಳಾಕ್ಷ ಗಡಿಗೆಯ ಮೇಲೆ ಕೈಯಿಟ್ಟು ಕೂತಿದ್ದ. "ಬಂದ್ಯಾ? ಇರು. ಆದ್ರೆ ನಾನು ವೀಳ್ಯ ಕೊಟ್ಟು ಕಳಿಸದೆ ಹೊಸ್ತಿಲು ದಾಟಿದ್ರೆ, ಗಾಳಿಯ ಆಸೆ ಬಿಡು" ಎಂದ.

ದಿನವೂ ಅವಳು ಗಾಳಿ ಕೇಳುವಳು. ದಿನವೂ ಅವನು ಇಲ್ಲ ಎನ್ನುವನು. ಐದು ವರ್ಷ ತುಂಬಿದ ದಿನ ಅವನು ಒಂದು ಹರಿವಾಣದಲ್ಲಿ ನೀರು ತುಂಬಿ ತೋರಿಸಿದ. ನೀರಿನೊಳಗೆ ನೀಲವ್ವ ಹಸೆಮಣೆಗೆ ಸಿದ್ಧವಾಗುತ್ತಿದ್ದಳು. ಬೆಳೆದು ನಿಂತ ಮಗಳು! ಅವಳ ಹಿಂದೆ ಮಾವಿನ ತೋರಣ ಅಲುಗದೆ ನಿಂತಿತ್ತು.

"ನಾಳೆ ಮುಹೂರ್ತ. ದೋಣಿ ಸಿದ್ಧವಾಗಿದೆ, ಬಾಗಿಲು ತೆರೆದಿದೆ, ಹೋಗು" ಎಂದ ಮಾಯಾವಿ.

ಪದುಮಲೆ ಬಿಕ್ಕಿ ಬಿಕ್ಕಿ ಅತ್ತಳು. ಅವಳ ಕಾಲುಗಳು ತಾವಾಗಿಯೇ ಹೊಸ್ತಿಲ ತನಕ ಹೋದವು. ಅಲ್ಲಿ ನಿಂತಳು. ಊರಿನ ಅರೆಹೊಟ್ಟೆಗಳು ನೆನಪಾದವು. ಕಣ್ಣೊರೆಸಿಕೊಂಡು ಹಿಂದಿರುಗಿದಳು. ಕುಂಕುಮವಿಲ್ಲ, ಅಕ್ಷತೆಯಿಲ್ಲ, ಬರಿಗೈ ಜೋಡಿಸಿದಳು.

"ಅಣ್ಣಾ, ನನ್ನ ಮಗಳ ಮದುವೆ. ನೀವು ಬಂದು ನಡೆಸಿಕೊಡ್ಬೇಕು."

ಮಾಯಾವಿಯ ಕೈ ಗಡಿಗೆಯಿಂದ ಜಾರಿತು. "ನನ್ನನ್ನಾ?"

"ಐದು ವರ್ಷ ನಿಮ್ಮ ಅನ್ನ ಉಂಡಿದೀನಿ. ನಿಮ್ಮನ್ನ ಬಿಟ್ಟು ಹೇಗೆ ಮಾಡ್ಲಿ?"

ಅವನು ಗಡಿಗೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ, "ನಿನಗಿಂತ ಮುಂಚೆ ಬಿರುಗಾಳಿಗೆ ಸಿಕ್ಕಿ ಇಲ್ಲಿಗೆ ಬಂದ ನಿಮ್ಮೂರ ರಾಯಭಾರಿ ಏಳು ವರ್ಷ ಇಲ್ಲಿ ಉಂಡ. ಮನೆ ನೆನಪಾಯ್ತು ಅಂತ ಒಂದು ದಿನ ಹಿಂಬಾಗಿಲಿಂದ ಓಡಿಹೋದ. ಹೋಗಿ ಬರ್ತೀನಿ ಅಂತ ಒಂದು ಮಾತು ಹೇಳ್ಲಿಲ್ಲ. ಅವನು ತಿರುಗಿ ಬರ್ತಾನೇನೋ ಅಂತ ನಾನು ದಾರಿ ಕಾದೆ. ಬರ್ಲಿಲ್ಲ. ಆ ಸಿಟ್ಟಿಗೇ ನಿಮ್ಮೂರ ಗಾಳಿ ಕದ್ದೆ" ಎಂದ. ಆ ಮಹಾನುಭಾವ ಊರಿಗೆ ಬಂದು ಅರಸನಿಗೆ ಈ ಸಂಗತಿ ಹೇಳಿರಲೇ ಇಲ್ಲ, ನೋಡಿ.

"ಅವನ ತಪ್ಪಿಗೆ ಊರೆಲ್ಲ ನರಳ್ತಿದೆ ಅಣ್ಣಾ. ಅವನ ಪರವಾಗಿ ನಾನು ಕ್ಷಮೆ ಕೇಳ್ತೀನಿ."

ಕರಾಳಾಕ್ಷ ಎದ್ದು, ಎಲೆ ಅಡಿಕೆ ಮಡಿಸಿ, ಅವಳ ಕೈಗಿಟ್ಟ. ಗಡಿಗೆಯ ಬಾಯಿ ತೆಗೆದ. ಹದಿನೈದು ವರ್ಷದ ಗಾಳಿ ಒಮ್ಮೆಲೇ ಹಾಯಿ ತುಂಬಿ, ಸುಳಿಯ ಮೇಲೆ ದೋಣಿಯನ್ನು ಹಾರಿಸಿ, ಇಬ್ಬರನ್ನೂ ಮುಹೂರ್ತಕ್ಕೆ ಸರಿಯಾಗಿ ದಡ ಸೇರಿಸಿತು.

ಹವಳಪಟ್ಟಣದಲ್ಲಿ ಮೊದಲು ತೋರಣ ಅಲುಗಿತು. ಆಮೇಲೆ ಚಪ್ಪರವೇ ಅಲುಗಿತು. ನೆರೆತ ತಲೆಯ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತಿದ್ದಳು. ಗುರುತು ಸಿಗಲಾರದೆಂದು ಹೆದರಿ ಅವಳು ಒಳಗೆ ಕಾಲಿಡಲಿಲ್ಲ. ನೀಲವ್ವ ಮಾತ್ರ ಹಾರುವ ಸೆರಗನ್ನು ಹಿಡಿದುಕೊಂಡು ಹಸೆಮಣೆಯಿಂದ ಎದ್ದೇಬಿಟ್ಟಳು.

"ಗಾಳಿ ಬಂತು ಅಂದ್ರೆ ನೀನೂ ಬಂದೆ ಅಂತಾನೇ ಅವ್ವಾ!"

ಮಾಯಾವಿ ಪಂಕ್ತಿಯಲ್ಲಿ ಕೂತು ಮೂರು ಸಲ ಪಾಯಸ ಹಾಕಿಸಿಕೊಂಡ. ಹೊರಡುವಾಗ ಪದುಮಲೆಯಿಂದ ವೀಳ್ಯ ಪಡೆದು, "ಹೋಗಿ ಬರ್ತೀನಿ" ಎಂದ. ಹಾಗೆಯೇ ವರ್ಷವರ್ಷವೂ ಬಂದ. ದೋಣಿಗಳು ತುಂಬಿ ಬಂದವು, ಒಲೆಗಳು ಉರಿದವು, ಎಲ್ಲರೂ ಹೊಟ್ಟೆತುಂಬ ಉಂಡು ನಕ್ಕು ನಲಿದು ಬಾಳಿದರು. ಪದುಮಲೆ ಮೊಮ್ಮಕ್ಕಳಿಗೆ ಕತೆ ಹೇಳುತ್ತಾ, ಕೊಕ್ಕರೆಗಳ ನಾಡಿನ ಆ ಐದು ವರ್ಷದ ಬಾಕಿ ಮಾತನ್ನೆಲ್ಲ ಆಡಿ ಮುಗಿಸಿದಳು.