ಯೂರಿಯಾ ಹಿಡಿದ ಕೈ

"ಬಿಡ್ರೀ...! ಬಿಡ್ರೀ ನನ್ನ!"

ಬಸವರಾಜೇಶ್ವರಿ ಕಿರುಚುತ್ತಲೇ ಇದ್ದಳು. ಅವನು ಬಿಡಲಿಲ್ಲ.

ಒಂದು ಕೈಯಲ್ಲಿ ಅವಳ ಜಡೆ ಹಿಡಿದು, ಇನ್ನೊಂದರಲ್ಲಿ ರವಿಕೆಯ ತೋಳನ್ನು ಭುಜದವರೆಗೆ ಪರ್ರನೆ ಹರಿದು, ಅವಳನ್ನು ನಲ್ಲಿಯ ಕೆಳಗೆ ದೂಡಿ ಹಿಡಿದಿದ್ದ. ನೀರು ಮೂಗು ಬಾಯಿಗೆಲ್ಲ ನುಗ್ಗುತ್ತಿತ್ತು. ಅವನೇನೋ ಕೂಗಿ ಹೇಳುತ್ತಿದ್ದ, ಒಂದೂ ಕೇಳಿಸುತ್ತಿರಲಿಲ್ಲ.

ಅವನ ಹೆಸರು ಮರಿಯಪ್ಪ. ಹೆಗ್ಗನಹಳ್ಳಿಯವನು. ಅವಳು ಕೆಮಿಸ್ಟ್ ಆಗಿದ್ದ ರಾಜಾಜಿನಗರದ ಆ ಪುಟ್ಟ ಕೆಮಿಕಲ್ ಫ್ಯಾಕ್ಟರಿಗೆ ಅವತ್ತು ಬೆಳಗ್ಗೆಯಷ್ಟೇ ಸೇರಿದ್ದ. ಪೈಪು ಕಳಚಿ ಕ್ರೆಸಾಲ್ ಎಂಬ ರಾಸಾಯನಿಕ ದ್ರವ ಚಿಮ್ಮಿದ್ದು ಅವಳಿಗೂ ಗೊತ್ತಿತ್ತು. ಆದರೆ ಬಿದ್ದದ್ದು ಸೆರಗಿನ ಮೇಲೆ ಅಂದುಕೊಂಡಿದ್ದಳು. ಮೈಯಲ್ಲಿ ಎಲ್ಲೂ ಉರಿ ಇರಲಿಲ್ಲವಲ್ಲ!

ಅವಳು ಅವನ ಮಣಿಕಟ್ಟನ್ನು ರಕ್ತ ಬರುವ ಹಾಗೆ ಕಚ್ಚಿದಳು. ಬಿಡಿಸಿಕೊಂಡು ಕೆನ್ನೆಗೆ ಬಾರಿಸಿದಳು.

"ನಾಚಿಕೆ ಆಗಲ್ವೇನ್ರೀ ನಿಮಗೆ?"

ಪ್ಯಾಕಿಂಗ್ ಮಾಡುವ ಹನುಮಕ್ಕ ಆಗಲೇ ಪಕ್ಕದ ರಸ್ತೆಯ ಲೇತ್ ವರ್ಕ್‌ಶಾಪಿಗೆ ಓಡಿದ್ದಳು. ಅದು ಬಸವರಾಜೇಶ್ವರಿಯ ಅಣ್ಣ ಶಿವಬಸಪ್ಪನದು. ಅವನು ಕಬ್ಬಿಣದ ರಾಡು ಹಿಡಿದೇ ಬಂದ.

"ಲೇ! ನನ್ನ ತಂಗಿ ಮೈ ಮುಟ್ತೀಯೇನೋ?"

ಮೊದಲ ಏಟು ಬೆನ್ನಿಗೆ. ಎರಡನೆಯದನ್ನು ತಡೆಯಲು ಮರಿಯಪ್ಪ ಬಲಗೈ ಎತ್ತಿದ. ಬೆರಳುಗಳ ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಅವನು ಮಣ್ಣಿನಲ್ಲಿ ಕುಸಿದ. ಶಿವಬಸಪ್ಪ ಬೂಟುಗಾಲಲ್ಲಿ ಒದೆಯುತ್ತಲೇ ಇದ್ದ.

ಒದ್ದೆ ಸೆರಗು ಹೊದ್ದು ನಡುಗುತ್ತಿದ್ದ ಅವಳು ಒಂದು ಮಾತು ಅಂದಳು.

"ಇನ್ನೂ ಹಾಕಣ್ಣ ಅವನಿಗೆ!"

ಆ ಮಾತು ಆಮೇಲೆ ಅವಳನ್ನು ಬಿಡಲೇ ಇಲ್ಲ.

ಸಂಜೆ, ಬಸವೇಶ್ವರನಗರದ ಮನೆ. ಬಚ್ಚಲಲ್ಲಿ ಸೀರೆ ಬಿಚ್ಚಿ ನೋಡಿಕೊಂಡಳು. ಭುಜದ ಹಿಂದೆ ಅಂಗೈಯಗಲ ಚರ್ಮ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಮುಟ್ಟಿದರೆ ಏನೂ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತಿಗೆ ಅದೇ ಜಾಗದಲ್ಲಿ ಬೆಂಕಿ ಎದ್ದಿತು!

ಕ್ರೆಸಾಲ್ ಮೊದಲು ಮರಗಟ್ಟಿಸುತ್ತದೆ. ಸುಡುವುದು ಆಮೇಲೆ. ಎಂ.ಎಸ್ಸಿ. ಓದಿದವಳು ತಾನು... ಇಷ್ಟು ಹೊಳೆಯಲಿಲ್ಲವೇ?

ಅವನು ನೀರು ಹರಿಸಿದ್ದ ಕಡೆಯೆಲ್ಲ ಚರ್ಮ ಬರೀ ಕೆಂಪಾಗಿತ್ತು. ಸುಟ್ಟದ್ದು, ಅವಳು ಕಚ್ಚಿ ಬಿಡಿಸಿಕೊಂಡಾಗ ತೊಳೆಯದೆ ಉಳಿದ ಜಾಗ ಮಾತ್ರ.

ನಡುಮನೆಯಲ್ಲಿ ಶಿವಬಸಪ್ಪ ಊಟ ಮಾಡುತ್ತ, ತಾನು ಹೇಗೆ ಹೊಡೆದೆ ಎಂದು ಅವ್ವ ನೀಲಗಂಗಮ್ಮನಿಗೆ ವರ್ಣಿಸುತ್ತಿದ್ದ.

"ಅಣ್ಣಾ..."

"ಏನೇ?"

"...ಏನಿಲ್ಲ."

ಮರುದಿನ ಮ್ಯಾನೇಜರಿಗೆ ನಿಜ ಹೇಳಿ ಮರಿಯಪ್ಪನ ಕೆಲಸ ಉಳಿಸಿದಳು. ಅಣ್ಣನಿಗೆ ಹೇಳಲಿಲ್ಲ. ಇಂದು, ನಾಳೆ ಅನ್ನುತ್ತ ದಿನಗಳು ಸರಿದವು.

ಮರಿಯಪ್ಪ ಕೈಗೆ ಪಟ್ಟಿ ಕಟ್ಟಿಕೊಂಡು ವಾಪಸ್ ಬಂದ.

"ನನ್ನಿಂದ ತಪ್ಪಾಯ್ತು," ಅಂದಳು.

"ಕಚ್ಚಿದ್ದಕ್ಕಾ, ಹೊಡೆದಿದ್ದಕ್ಕಾ?"

"ಎರಡಕ್ಕೂ."

"ಹಲ್ಲು ಮಾತ್ರ ಭಾರಿ ಗಟ್ಟಿ ಕಣ್ರೀ."

ಅವಳಿಗೆ ನಗು ಬಂತು. ಅಳುವೂ ಬಂತು.

"ನಿಮ್ಮಣ್ಣಂಗೆ ಹೇಳಿದ್ರಾ?"

ಅವಳು ತಲೆ ತಗ್ಗಿಸಿದಳು. ಅವನು ಮತ್ತೆ ಕೇಳಲಿಲ್ಲ. ಕೇಳಿದ್ದರೇ ಚೆನ್ನಾಗಿತ್ತು...

ಅವನ ಕೈಯ ಪಟ್ಟಿ ಬಿಚ್ಚಿದ ಮೇಲೆ ಕೆಲಸ ಅವರನ್ನು ಒಂದೇ ತೊಟ್ಟಿಯ ಎದುರು ನಿಲ್ಲಿಸಿತು. ಮೆಟಾ ಕ್ರೆಸಾಲ್, ಪ್ಯಾರಾ ಕ್ರೆಸಾಲ್ ಎರಡೂ ಬೆರೆತ ದ್ರವ. ಗಿರಾಕಿಗೆ ಬೇಕಾದದ್ದು ಬರೀ ಮೆಟಾ.

"ಕುದಿಸಿದ್ರೆ ಎರಡೂ ಒಟ್ಟಿಗೇ ಏಳ್ತವಲ್ರೀ. ಬೆಂಕಿಗೂ ಇವೆರಡರ ವ್ಯತ್ಯಾಸ ಗೊತ್ತಾಗಲ್ಲ."

"ಯೂರಿಯಾಗೆ ಗೊತ್ತಾಗುತ್ತೆ," ಅಂದಳು. "ಅದು ಮೆಟಾನ ಮಾತ್ರ ಹಿಡ್ಕೊಂಡು ಹರಳಾಗುತ್ತೆ. ಪ್ಯಾರಾ ದ್ರವದಲ್ಲೇ ಉಳಿಯುತ್ತೆ. ಆದ್ರೆ ಚಳಿ ಇರಬೇಕು. ಬಿಸಿಯಾದ್ರೆ ಹಿಡಿದ ಕೈ ಬಿಟ್ಟುಬಿಡುತ್ತೆ."

ತೊಟ್ಟಿಯ ಸುತ್ತ ಐಸು, ಉಪ್ಪು ಸುರಿದು ಸುರಿದು ಇಬ್ಬರ ಬೆರಳೂ ಸೆಟೆದುಕೊಳ್ಳುತ್ತಿದ್ದವು. ಎಷ್ಟೋ ಸಲ ಬರೀ ಗಂಜಿಯಂಥದ್ದು ಬಂತು. ಒಂದು ಮಧ್ಯಾಹ್ನ ಮಾತ್ರ ತೊಟ್ಟಿಯ ತುಂಬ ಬೆಳ್ಳನೆಯ ಹರಳು ಮೂಡಿದಾಗ ಅವಳು ಚಿಕ್ಕ ಹುಡುಗಿಯಂತೆ ಕುಣಿದಳು. ಅವನು ಹರಳು ನೋಡಲಿಲ್ಲ. ಅವಳನ್ನೇ ನೋಡುತ್ತ ನಿಂತ.

ಆ ಸಂಜೆ ವಿಜಯನಗರದ ಬಸ್ಸಿಗೆ ಕಾಯುತ್ತ ಇಬ್ಬರೂ ನಗುತ್ತಿದ್ದುದನ್ನು ಸ್ಕೂಟರಿನಲ್ಲಿ ಹೋಗುತ್ತಿದ್ದ ಶಿವಬಸಪ್ಪ ಕಂಡ.

ಮರುದಿನ ಬೆಳಗ್ಗೆ ಫ್ಯಾಕ್ಟರಿಯ ಬಾಗಿಲು ಧಡಾರನೆ ತೆರೆಯಿತು.

"ಅವತ್ತು ಕೈ ಮುರಿದೆ. ಇವತ್ತು ತಲೆ ಒಡೀತೀನಿ, ಬಾರೋ ಈಚೆ!"

ರಾಡು ಬೀಸಿದ ರಭಸಕ್ಕೆ ಗಾಜಿನ ಜಾಡಿಗಳು ಚೂರಾದವು. ಮರಿಯಪ್ಪನ ಹಣೆ ಸೀಳಿತು. ಅವನು ಹಿಂದಕ್ಕೆ ಉರುಳಿದ ಏಟಿಗೆ ತೊಟ್ಟಿ ಮಗುಚಿತು. ಹರಳೆಲ್ಲ ನೆಲದ ಪಾಲು! ಅವಳು ಅತ್ತ ತಿರುಗಿಯೂ ನೋಡಲಿಲ್ಲ. ನಡುವೆ ನುಗ್ಗಿದಳು.

ರಾಡು ಅವಳ ಎಡಗೈ ಮೇಲೆ ಬಿತ್ತು. ಬಳೆಗಳು ಒಡೆದು ಮಾಂಸಕ್ಕೆ ನಾಟಿದವು.

ಅದನ್ನು ಕಂಡ ಮರಿಯಪ್ಪ ಮೊದಲ ಸಲ ಕೈ ಮಾಡಿದ. ಎದ್ದವನೇ ಶಿವಬಸಪ್ಪನ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದ. ಶಿವಬಸಪ್ಪನ ಕಣ್ಣುಗಳು ಮೇಲಕ್ಕೆ ಸಿಕ್ಕಿಕೊಂಡವು.

"ಮರಿಯಪ್ಪ... ಸಾಕು!"

ಒಂದೇ ಮಾತು. ಅವನು ಕೈ ತೆಗೆದು ದೂರ ಸರಿದ.

ಅವಳು ಅಣ್ಣನ ಮುಂದೆ ನಿಂತಳು. ಭುಜದ ಸೆರಗು ಸರಿಸಿ ಕಪ್ಪಗಾದ ಕಲೆ ತೋರಿಸಿದಳು.

"ನೋಡು! ಅವರು ಜಡೆ ಹಿಡಿದು ನೀರಿಗೆ ಎಳೀದೆ ಇದ್ದಿದ್ರೆ ಕತ್ತು, ಬೆನ್ನು ಎಲ್ಲಾ ಹೀಗೇ ಆಗ್ತಿತ್ತು. ಅವತ್ತು ಸಂಜೇನೇ ನನಗೆ ಗೊತ್ತಾಯ್ತು. ನಿನಗೆ ಹೆದರಿ ಬಾಯಿ ಬಿಡಲಿಲ್ಲ."

"ಏನಾದ್ರೂ ಆಗ್ಲಿ, ಜಡೆಗೆ ಕೈ ಹಾಕೋಕೆ ಅವನ್ಯಾರೇ?"

"ನೀನೂ ಹಾಕಿದೀಯ ಅಣ್ಣ! ಕಾಲೇಜಿಗೆ ಹೋಗ್ತೀನಿ ಅಂದಾಗ ಇದೇ ಜಡೆ ಹಿಡಿದು ಅಂಗಳದ ತುಂಬ ಎಳೆದಾಡಿದೆ. ಅವತ್ತು ಯಾರು ರಾಡ್ ತಂದ್ರು, ಹೇಳು?"

ಶಿವಬಸಪ್ಪ ಕೆಳಗೆ ನೋಡಿದ. ತಂಗಿಯ ಕೈಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ರಾಡು ತಾನಾಗಿ ಅವನ ಕೈ ಜಾರಿತು.

"ಮನೆಗೆ ಬರ್ಬೇಡ," ಅಂದ ಕೊನೆಗೆ. ದನಿಯಲ್ಲಿ ಮೊದಲಿನ ಬಿರುಸು ಇರಲಿಲ್ಲ. ಸ್ಕೂಟರ್ ಬಹಳ ಹೊತ್ತು ಸ್ಟಾರ್ಟ್ ಆಗಲಿಲ್ಲ. ಅವಳು ಕೂಗಿ ಕರೆಯಲಿಲ್ಲ.

ಹೊಸಹಳ್ಳಿಯ ಕ್ಲಿನಿಕ್ಕಿನ ಬೆಂಚಿನ ಮೇಲೆ ಇಬ್ಬರೂ ಕೂತಿದ್ದರು. ಅವನ ಹಣೆಗೆ ಹೊಲಿಗೆ, ಅವಳ ಕೈಗೆ ಪಟ್ಟಿ.

"ಎಷ್ಟು ದಿನದ ಹರಳು... ಎಲ್ಲಾ ಹೋಯ್ತು ನಿಮ್ದು," ಅಂದ.

"ಮತ್ತೆ ಮಾಡೋಣ."

"ಮಾಡೋಣ ಅಂದ್ರೆ...?"

"ನೀವು ಇದ್ರೆ."

ಅವನು ಹೂಂ ಎಂಬಂತೆ ತಲೆಯಾಡಿಸಿದ.

"ಅವತ್ತು 'ಇನ್ನೂ ಹಾಕಣ್ಣ' ಅಂದಿದ್ದು... ನಿಮಗೆ ಕೇಳಿಸ್ತಾ?" ಅವಳು ಕೇಳಿದಳು.

"ಕೇಳಿಸ್ತು."

"ಆದ್ರೂ ವಾಪಸ್ ಬಂದ್ರಲ್ಲ... ಯಾಕೆ?"

"ಕೋಪ ಇತ್ತು ಕಣ್ರೀ. ಬಂದು ಮುಖಕ್ಕೆ ಹೊಡೆದ ಹಾಗೆ ಮಾತಾಡಿ ಕೆಲಸ ಬಿಡೋಣ ಅಂತಾನೇ ಬಂದೆ. ನೀವೇ ಮೊದಲು ತಪ್ಪಾಯ್ತು ಅಂದಿದ್ದು ಕೇಳಿ... ಬಿಡೋಕೆ ಆಗ್ಲಿಲ್ಲ."

ಒಳಗಿನಿಂದ ಕಾಂಪೌಂಡರ್ ಹೊರಬಂದು ಇಬ್ಬರನ್ನೂ ದಿಟ್ಟಿಸಿದ.

"ಏನ್ರೀ ಇದು, ಇಬ್ಬರೂ ಪೇಷೆಂಟುಗಳೇ! ಪೇಷೆಂಟ್ ಕಡೆಯವರು ಯಾರೂ ಇಲ್ವಾ?"

ಬಸವರಾಜೇಶ್ವರಿ ಮರಿಯಪ್ಪನತ್ತ ಕೈ ತೋರಿಸಿದಳು.

"ನಾನು ಇವರ ಕಡೆಯವಳು."

ಅವನ ಕಣ್ಣು ತುಂಬಿತು.

"ನಾನು ಇವರ ಕಡೆಯವನು, ಸಾರ್."