ಉಲ್ಟಾ ಸುತ್ತುವ ಸರ್ಕಲ್

ಮ್ಯಾಪ್ ಸುಳ್ಳೋ, ಗಾಡಿಗಳು ಸುಳ್ಳೋ? ಅಥವಾ ಎರಡು ಸಲ ತಿದ್ದಿದ ತನ್ನ ಕೈಯೇ ತಪ್ಪಿತೋ? ಸಂಘಮಿತ್ರಾಳ ಸ್ಕೂಟಿಯ ಹಿಂದೆ ಕೂತು, ಸಂಡೂರಿನ ಕೆಂಪು ಧೂಳು ನುಂಗುತ್ತ ಮಹಾಂತೇಶ ಇದನ್ನೇ ಯೋಚಿಸುತ್ತಿದ್ದ.

ಹೊಸಪೇಟೆಯ ಅವರ ಆಫೀಸಿನಲ್ಲಿ ಮೊಬೈಲ್ ಮ್ಯಾಪಿನ ರಸ್ತೆಗಳನ್ನು ಒಂದು ಪ್ರೋಗ್ರಾಂ ತಾನಾಗಿಯೇ ತಪಾಸಣೆ ಮಾಡುತ್ತಿತ್ತು. ಸರ್ಕಲ್ಲನ್ನು ಗಾಡಿಗಳು ಪ್ರದಕ್ಷಿಣೆಯಂತೆ ಸುತ್ತಬೇಕು. ಉಲ್ಟಾ ಇದ್ದರೆ ಕೆಂಪು ಗುರುತು. ಬಂಡ್ರಿಯಾಚೆಯ ಒಂದು ಸರ್ಕಲ್ ಮಾತ್ರ ತಿದ್ದಿದಷ್ಟೂ ಕೆಂಪಾಗುತ್ತಿತ್ತು. ಅಲ್ಲಿ ಓಡಾಡಿದ ಪ್ರತಿ ಗಾಡಿಯ ಮೊಬೈಲ್ ಜಾಡೂ ಉಲ್ಟಾ. ನಡೆದು ನೋಡಿ ಬನ್ನಿ ಎಂದು ಇಬ್ಬರನ್ನೂ ಕಳಿಸಿದ್ದರು.

ಭಾನುವಾರ, ತನ್ನನ್ನು ನೋಡಿಹೋದ ಕಂಪ್ಲಿಯ ಹುಡುಗನ ಮನೆಯವರಿಗೆ ಉತ್ತರ ಕೊಡಬೇಕೆಂದು ಅವಳು ದಾರಿಯಲ್ಲಿ ಹೇಳಿದಳು. ಕನ್ನಡಿಯಲ್ಲಿ ಅವಳ ಕಣ್ಣು ಅವನನ್ನೇ ಹಿಡಿದಿತ್ತು.

"ಏನೂ ಅನ್ನಂಗಿಲ್ಲೇನು?"

"ರಸ್ತೆ ನೋಡ್ಕೊಂಡು ಓಡಸು."

"ರಸ್ತೀನ ನೋಡಾಕತ್ತೀನಿ. ನೀನ ಕನ್ನಡ್ಯಾಗ ಅಡ್ಡ ಬರ್ತಿ."

ಅವನು ಕಣ್ಣು ತಗ್ಗಿಸಿದ. ತಾನು ಕೇಳಿದರೆ ಒಪ್ಪಿಯಾಳೆಂಬುದೇ ಅವನ ಹೆದರಿಕೆಯಾಗಿತ್ತು.

ಮಟಮಟ ಮಧ್ಯಾಹ್ನ. ಸರ್ಕಲ್ಲಿನ ನಡುವೆ ಆಳೆತ್ತರದ ಮೊಂಡು ಕಲ್ಲು. ಹಕ್ಕಿಯ ಸದ್ದೂ ಇಲ್ಲ. ಅದಿರಿನ ಲಾರಿಯೊಂದು ಬಂದು, ಹಾರ್ನ್ ಹಾಕದೆ, ಉಲ್ಟಾ ಸುತ್ತಿ ಹೋಯಿತು.

ಚಹಾದಂಗಡಿಯ ದುರುಗವ್ವ ಕಾರಣ ಹೇಳಿದಳು. ಊರಿನ ಹೆಣಗಳನ್ನು ಆ ಕಲ್ಲಿಗೆ ಎಡಸುತ್ತು ಹಾಕಿಸಿಯೇ ಹೂಳಲು ಒಯ್ಯುತ್ತಾರೆ, ಸತ್ತವರಿಗೆ ಮನೆಯ ದಾರಿ ತಪ್ಪಲಿ ಎಂದು. ಕಲ್ಲಿನ ಸುತ್ತ ಸರ್ಕಲ್ ಕಟ್ಟಿದ ಮೇಲೆ ಗಾಡಿಯವರೂ ಅದನ್ನೇ ಹಿಡಿದರು.

"ಸೀದಾ ಸುತ್ತಿದ್ರ ಬೆನ್ನ ಹತ್ತತೈತಿ, ಯವ್ವಾ. ಬ್ಯಾಡ."

"ಹತ್ತಲಿ ಬಿಡಬೇ," ಎಂದಳು ಸಂಘಮಿತ್ರಾ. "ನನ್ನ ಹಿಂದ ಯಾರರೆ ಬಂದ್ರ ಸಾಕಾಗೈತಿ."

ಇಬ್ಬರ ಮೊಬೈಲಿನಲ್ಲೂ ಜಾಡು ಹಿಡಿಯುವ ಆ್ಯಪ್ ಒತ್ತಿ, ಅವನದನ್ನು ಅವನ ಜೇಬಿಗೆ ಹಾಕಿದಳು.

"ಬರೋದಿದ್ರ ಬಾ. ನಾ ಅಂತೂ ತಿರುಗಿ ನೋಡಂಗಿಲ್ಲ."

ಪ್ರದಕ್ಷಿಣೆಯಾಗಿಯೇ ನಡೆದಳು. ಅವನು ಕಾಲೆತ್ತಲು ನೋಡಿದ. ಆ ಸುಡುಬಿಸಿಲಿನಲ್ಲಿ, ಕಲ್ಲಿನ ಕಡೆಯಿಂದ ಹಾಳುಬಾವಿಯ ತಂಪು ಬಂದು ಮೊಣಕಾಲಿಗೆ ತಾಗಿತು. ಹೆಜ್ಜೆ ಏಳಲಿಲ್ಲ.

ಅತ್ತ ಅವಳು ಏನನ್ನೋ ಆಲಿಸಿದಂತೆ ನಕ್ಕಳು. ಹಿಂದಿನವರು ಕೂಡಿಕೊಳ್ಳಲೆಂದು ಕಾಯುವವಳ ಹಾಗೆ ನಡಿಗೆ ನಿಧಾನ ಮಾಡಿದಳು. ಬಲಗೈಯನ್ನು ತುಸು ಹಿಂದಕ್ಕೆ ಚಾಚಿದಳು. ತೆರೆದಿದ್ದ ಬೆರಳುಗಳು ಮೆಲ್ಲಗೆ, ಒಂದೊಂದಾಗಿ ಮಡಚಿಕೊಂಡವು.

ಗಾಳಿಯೆದ್ದು ಕೆಂಪು ಧೂಳು ಎಲ್ಲವನ್ನೂ ಮುಚ್ಚಿತು. ಅದು ಅಡಗಿದಾಗ ಅವಳು ಸುತ್ತು ಮುಗಿಸಿ, ಕಣ್ಣು ಮುಚ್ಚಿಕೊಂಡೇ ಅವನ ಪಕ್ಕದಲ್ಲಿದ್ದಳು. ಕಣ್ಣು ಬಿಟ್ಟು ಅವನನ್ನು ಕಂಡು ನಾಚಿದಳು.

"ನಿನ್ನ ಕೈ ಭಾಳ ತಣ್ಣಗದಾವೋ," ಎಂದಳು.

ಮರುದಿನ ಆಫೀಸಿನ ಸ್ಕ್ರೀನಿನಲ್ಲಿ ಕೆಂಪು ಗುರುತು ಇರಲಿಲ್ಲ. ಸರ್ಕಲ್ಲನ್ನು ಸೀದಾ ಸುತ್ತಿದ ಎರಡು ಜಾಡುಗಳಿದ್ದವು: ಒಂದು ಅವಳ ಹೆಸರಿನದು, ಅದರ ಬೆನ್ನಿಗೇ, ಹೆಜ್ಜೆಗೆ ಹೆಜ್ಜೆ, ಅವನ ಹೆಸರಿನದು. ಅವಳು ಆ ಎರಡನೆಯ ಗೆರೆಯನ್ನು ಬೆರಳಿನಿಂದ ಸವರಿದಳು. ಭಾನುವಾರ ಕಂಪ್ಲಿಯವರಿಗೆ ಬೇಡವೆಂದು ಹೇಳಿ ಕಳಿಸಿದಳು.

ಅವರ ಮದುವೆಯಾಗಿ ವರ್ಷ ತುಂಬಿತು. ಅಂದು ಸರ್ಕಲ್ಲಿನಂಚಿನ ಆ ಜಾಗ ಬಿಟ್ಟು ತಾನು ಒಂದು ಹೆಜ್ಜೆಯೂ ಕದಲಿರಲಿಲ್ಲವೆಂದು ಮಹಾಂತೇಶ ಅವಳಿಗೆ ಎಂದೂ ಹೇಳಲಿಲ್ಲ.