ಕಾರಣವಿಲ್ಲದ ಒಂದು ಫೋನ್

ತೀರಿಕೊಂಡವರಿಗೆ ಹುಟ್ಟುಹಬ್ಬದ ಶುಭಾಶಯ ಹೇಳಿಸಿದ್ದು ನೇತ್ರಾಳ ನೌಕರಿಯ ಮೊದಲ ಸಾಧನೆ.

ಮುಂಬೈ ಪಕ್ಕದ ಠಾಣೆಯ ಕೋಪರಿಯಲ್ಲಿರುವ ಹಿರಿಯರ ಹಗಲು ಕೇಂದ್ರಕ್ಕೆ ದಾನಿಗಳನ್ನು ಹುಡುಕುವುದು, ಸಿಕ್ಕವರನ್ನು ಉಳಿಸಿಕೊಳ್ಳುವುದು ಅವಳ ಕೆಲಸ. ಅಲ್ಲೊಂದು ಪದ್ಧತಿಯಿದೆ. ಮನೆಯವರ ಹುಟ್ಟುಹಬ್ಬಕ್ಕೋ, ಹೋದವರ ತಿಥಿಗೋ ದಾನಿಗಳು ಒಂದು ದಿನದ ಊಟ ವಹಿಸಿಕೊಳ್ಳುತ್ತಾರೆ. ಉಣ್ಣುವ ಮೊದಲು ಅಜ್ಜ ಅಜ್ಜಿಯರು ಆ ಹೆಸರು ನೆನೆಯುತ್ತಾರೆ. ಹುಟ್ಟುಹಬ್ಬವಾದರೆ ಹಾಡು, ತಿಥಿಯಾದರೆ ಕೈಮುಗಿದು ಮೌನ. ಹೊಸದಾಗಿ ಸೇರಿದ್ದ ನೇತ್ರಾ ಊರ್ಮಿಳಾ ಎಂಬ ಹೆಸರಿಗೆ ಹಾಡು ಹೇಳಿಸಿದಳು. ಬಣ್ಣದ ಟೋಪಿ ತೊಟ್ಟ ಅಜ್ಜಿಯರು ಚಪ್ಪಾಳೆ ತಟ್ಟುತ್ತ "ಹ್ಯಾಪಿ ಬರ್ತ್‌ಡೇ ಊರ್ಮಿಳಾ" ಎಂದು ಹಾಡಿದ ವಿಡಿಯೋವನ್ನು ಬಲೂನಿನ ಚಿತ್ರದ ಸಮೇತ, ಊಟ ಕಳಿಸಿದ್ದ ನೌಪಾಡಾದ ಉಡುಪಿ ಹೋಟೆಲಿನವರಿಗೆ ವಾಟ್ಸಾಪ್ ಮಾಡಿಯೂ ಬಿಟ್ಟಳು.

ಸ್ವಲ್ಪ ಹೊತ್ತಿಗೆ ಫೋನ್ ಬಂತು. ಹೋಟೆಲಿನ ಮಾಲೀಕ ರಘುಪತಿಯವರ ಮಗ, ಅನೀಶ.

"ಇವತ್ತು ನನ್ನ ಅಮ್ಮ ತೀರಿಹೋದ ದಿನ," ಎಂದ.

ಕೆಲಸ ಹೋಯಿತೆಂದೇ ನೇತ್ರಾ ಲೆಕ್ಕ ಹಾಕಿದಳು.

"ಅಪ್ಪ ಇನ್ನೂ ಆ ವಿಡಿಯೋ ನೋಡ್ತಾ ಇದ್ದಾರೆ," ಎಂದು ಆತ ಮುಂದುವರಿಸಿದ. "ನೀವು ಗಡಿಬಿಡಿಯಲ್ಲಿ ಡಿಲೀಟ್ ಮಾಡ್ಬೇಡಿ ಮಾರಾಯ್ರೆ. ಅದನ್ನು ಹೇಳ್ಲಿಕ್ಕೆ ಫೋನ್ ಮಾಡಿದ್ದು."

ಆಮೇಲೆ ವರ್ಷಕ್ಕೊಮ್ಮೆ ಬರುತ್ತಿದ್ದ ಊಟ ದಿನವೂ ಬರತೊಡಗಿತು. ಮಧ್ಯಾಹ್ನ ರೈಲು ಹಳಿಯ ಆಚೆಯಿಂದ ಹೋಟೆಲಿನ ಟೆಂಪೋ ಬಂದು ಹಾರ್ನ್ ಹೊಡೆದರೆ ಕೇಂದ್ರದಲ್ಲಿ ತಾಟುಗಳು ಸದ್ದು ಮಾಡುತ್ತಿದ್ದವು. ಶನಿವಾರ ಬಡಿಸಲು ಅನೀಶ ತಾನೇ ಬರುತ್ತಿದ್ದ. ಶರ್ಟಿನ ತೋಳು ಮಡಚಿ ಸಾರಿನ ಬಕೆಟ್ ಹಿಡಿದು ಪಂಕ್ತಿಯುದ್ದಕ್ಕೂ ನಡೆಯುವವನ ಕಣ್ಣು ಮಾತ್ರ ಕಿಟಕಿಯ ಪಕ್ಕದ ಟೇಬಲ್ಲಿನಲ್ಲಿ ರಸೀದಿ ಬರೆಯುತ್ತ ಕೂತವಳ ಮೇಲೆ. ಅವಳು ತಲೆ ಎತ್ತಿದರೆ ಅವನು ಬಕೆಟ್ ನೋಡುತ್ತಿದ್ದ. ಅವನು ಬಕೆಟ್ ನೋಡಿದಾಗಲೇ ಅವಳಿಗೆ ತಲೆ ಎತ್ತುವ ಧೈರ್ಯ.

ಇದನ್ನೆಲ್ಲ ಕಂಡವರು ಬೆಳಗಾವಿ ಕಡೆಯ ಕಲ್ಲವ್ವ. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಿಂದ ಕೇಂದ್ರಕ್ಕೆ ಬರುವವರು. ಕಣ್ಣಿಗೆ ಪೊರೆ ಬಂದಿದೆ ಎನ್ನುತ್ತಾರೆ, ಕಾಣುವುದೆಲ್ಲ ಕಾಣುತ್ತದೆ.

"ಆ ಹುಡುಗ ನಿನ್ನ ನೋಡಕೋತ ನನ್ನ ತಾಟಿನ್ಯಾಗ ಸಾರ ಸುರುವಿ ಹೊಳಿ ಮಾಡ್ಯಾನ," ಎಂದರು ಒಂದು ದಿನ. "ಅನ್ನ ಎಲ್ಲಿ ಹರಕೊಂಡು ಹೋತೋ ಏನೋ. ಹುಡುಕಿ ಕೊಡ ಯವ್ವಾ."

ನೇತ್ರಾ ನಕ್ಕಳು. ನಗುತ್ತಲೇ ಹೆದರಿದಳು.

ಅವಳಿಗೂ ಅವನ ದನಿ ಕೇಳದೆ ದಿನ ಹೋಗುತ್ತಿರಲಿಲ್ಲ. ಆದರೆ ಸುಮ್ಮನೆ ಫೋನ್ ಮಾಡಿದವಳಲ್ಲ. ಪ್ರತಿ ಸಲವೂ ಅವಳ ಹತ್ತಿರ ಒಂದು ಕಾರಣ ಸಿದ್ಧವಿರುತ್ತಿತ್ತು. ಬಿಪಿ ಇದ್ದವರಿಗೆ ಸಾಂಬಾರಿನಲ್ಲಿ ಉಪ್ಪು ಕಡಿಮೆ ಮಾಡಬೇಕು. ಹಲ್ಲಿಲ್ಲದವರಿಗೆ ಅನ್ನ ಇನ್ನಷ್ಟು ಮೆತ್ತಗಾಗಲಿ. ಫೋಟೋ ಕಳಿಸಿದ್ದೇನೆ, ನೋಡಿದಿರಾ? ಉಪ್ಪಿನ ವಿಷಯ ಮುಗಿದ ಮೇಲೂ ಮಾತು ಎಲ್ಲೆಲ್ಲಿಗೋ ಹೋಗುತ್ತಿತ್ತು. ಆ ಎರಡು ವರ್ಷ ಕೇಂದ್ರದ ಸಾಂಬಾರಿನ ಉಪ್ಪಿಗೆ ಸಿಕ್ಕಷ್ಟು ಗಮನ ಅವಳ ಮನೆಯ ಅಡುಗೆಗೂ ಸಿಕ್ಕಿರಲಿಲ್ಲ.

ಕೇಂದ್ರದ ಅಧ್ಯಕ್ಷರು ವೀರಭದ್ರಪ್ಪ, ಉಲ್ಹಾಸನಗರದಲ್ಲಿ ಬಟ್ಟೆ ಅಂಗಡಿ ಇಟ್ಟು ಹಣ್ಣಾದವರು. ದಾನಿಗಳ ಜೊತೆ ನಗಬೇಕು, ಆರೋಗ್ಯ ವಿಚಾರಿಸಬೇಕು, ಆದರೆ ಹೊಸ್ತಿಲಲ್ಲೇ ನಿಲ್ಲಬೇಕು ಎಂದು ಅವಳಿಗೆ ಮೊದಲ ದಿನವೇ ಹೇಳಿದ್ದರು. ಹಿಂದೊಮ್ಮೆ ಒಬ್ಬ ದಾನಿಗೂ ಸಿಬ್ಬಂದಿಯೊಬ್ಬರಿಗೂ ಸಲುಗೆ ಬೆಳೆದು, ಆಮೇಲೆ ಅದು ಕೆಟ್ಟು, ಆ ದಾನಿಯ ಹಣದಲ್ಲಿ ನಡೆಯುತ್ತಿದ್ದ ಹಿರಿಯರ ಫಿಸಿಯೋಥೆರಪಿ ನಿಂತೇಹೋಯಿತಂತೆ. ಆ ಕೋಣೆಯ ಬೀಗ ಈಗಲೂ ಹಾಗೇ ಇದೆ. ನೇತ್ರಾ ದಿನವೂ ಅದರ ಮುಂದೆಯೇ ಹಾದುಹೋಗುತ್ತಿದ್ದಳು, ಬೀಗದ ಕಡೆ ನೋಡದೆ.

ಒಂದು ಶನಿವಾರ ಕೈ ತೊಳೆಯುವ ನಲ್ಲಿಯ ಹತ್ತಿರ ಅನೀಶ ಸಿಕ್ಕಿದ.

"ನಿಮ್ಮ ಹತ್ರ ಒಂದು ಮಾತು ಕೇಳ್ಲಿಕ್ಕುಂಟು," ಎಂದ ಮೆಲ್ಲಗೆ. "ಊಟದ ವಿಷಯ ಅಲ್ಲ."

ಅವನ ಕಿವಿ ಕೆಂಪಗಾಗಿತ್ತು. ಒದ್ದೆ ಕೈ ಒರೆಸಿಕೊಳ್ಳುವುದನ್ನೂ ಮರೆತು ಅವಳನ್ನೇ ನೋಡುತ್ತಿದ್ದ. ಎಷ್ಟೋ ರಾತ್ರಿ ಈ ಮಾತಿಗಾಗಿ ಕಾದಿದ್ದ ನೇತ್ರಾ, ಮೀಟಿಂಗ್ ಅದ ಎಂದು ಹೇಳಿ ಓಡಿದಳು. ಮೀಟಿಂಗೂ ಇರಲಿಲ್ಲ, ಏನೂ ಇರಲಿಲ್ಲ.

ಅಂದಿನಿಂದ ಅವನ ಫೋನ್ ಎತ್ತಲಿಲ್ಲ. 'ಊಟ ತಲುಪಿದೆ, ಧನ್ಯವಾದಗಳು' ಎಂದು ಮೆಸೇಜ್ ಮಾತ್ರ ಕಳಿಸಿದಳು. ಹೂಂ ಎಂದರೆ, ಊಟಕ್ಕಾಗಿ ಹುಡುಗನನ್ನು ಬಲೆಗೆ ಹಾಕಿಕೊಂಡಳು ಎಂದಾರು. ಅವನ ಮನೆಯವರು ಒಪ್ಪದೆ ರಂಪವಾದರೆ ಟೆಂಪೋ ನಿಂತೀತು. ಉಹೂಂ ಎಂದರೂ ನಿಂತೀತು. ಎಲ್ಲಕ್ಕಿಂತ ಕೆಟ್ಟ ಭಯ ಬೇರೆಯೇ ಇತ್ತು. ದಾನಿಗಳಿಗೆಲ್ಲ ಸಿಹಿಯಾಗಿ ಮಾತಾಡುವುದು ಅವಳ ನೌಕರಿ. ನನ್ನೊಂದಿಗೆ ಆಡಿದ್ದೂ ಅದೇ ಮಾತಲ್ಲವೇ ಎಂದು ಮುಂದೊಂದು ದಿನ ಅವನು ಕೇಳಿದರೆ? ಅವಳ ಪ್ರತಿಯೊಂದು ಫೋನಿಗೂ ಕಾರಣವಿತ್ತಲ್ಲ.

ಮುಂದಿನ ಶನಿವಾರ ಅನೀಶ ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ಕಲ್ಲವ್ವನ ತಾಟಿನಲ್ಲಿ ಸಾರು ಅಳತೆಗೆ ಸರಿಯಾಗಿ ಬಿತ್ತು.

ಆಮೇಲೆ ರಘುಪತಿಯವರೇ ಫೋನ್ ಮಾಡಿದರು. ಊಟದ ವಿಷಯ ಮಾತಾಡುವುದಿದೆ, ಫೋನಿನಲ್ಲಿ ಬೇಡ, ಭಾನುವಾರ ಹೋಟೆಲಿಗೆ ಬನ್ನಿ ಎಂದರು. ದನಿಯಲ್ಲಿ ನಗುವಿರಲಿಲ್ಲ.

ಭಾನುವಾರ ತನ್ನ ಮನೆಯಿರುವ ಡೊಂಬಿವಲಿಯಲ್ಲಿ ಹತ್ತಿದ ಸ್ಲೋ ಲೋಕಲ್ ರೈಲು ಅವಳಿಗೆ ಅಂದು ಬಹಳ ಫಾಸ್ಟ್ ಎನಿಸಿತು. ಸೀಟು ಸಿಕ್ಕರೂ ಕೂರಲಿಲ್ಲ. ಸೋಮವಾರ ಮಧ್ಯಾಹ್ನ ಹಾರ್ನ್ ಕೇಳದೆ ಬಾಗಿಲ ಕಡೆ ನೋಡುವ ಮುಖಗಳೇ ಕಣ್ಣ ಮುಂದೆ ಬರುತ್ತಿದ್ದವು. ಅವರಲ್ಲಿ ಹಲವರಿಗೆ ಬಿಸಿ ಊಟವೆಂದರೆ ಅದೊಂದೇ. ಇವತ್ತ ಪಲ್ಯ ಏನ ಎಂದು ಕೇಳುವ ಕಲ್ಲವ್ವನಿಗೆ ಏನು ಹೇಳುವುದು? ನಾನು ಪ್ರೀತಿ ಮಾಡಿದೆ, ಅದಕ್ಕೆ ಪಲ್ಯ ಇಲ್ಲ ಎನ್ನುವುದೇ?

ರಘುಪತಿಯವರು ಮೂಲೆಯ ಟೇಬಲ್ಲಿನಲ್ಲಿ ಕಾದಿದ್ದರು. ಕಾಫಿ ತರಿಸಿದರು. ನೇತ್ರಾ ಅದನ್ನು ಮುಟ್ಟಲೇ ಇಲ್ಲ.

"ಮಗನ ಫೋನ್ ಎತ್ತುದಿಲ್ಲವಂತೆ ನೀವು," ಎಂದರು. "ಹಾಗಾಗಿ ನಾನೇ ಕರೆದದ್ದು."

ಅವಳು ತಲೆ ತಗ್ಗಿಸಿದಳು.

ರಘುಪತಿಯವರು ಹೇಳಿದ ವಿಷಯ ಅವಳ ತಲೆಗೆ ಇಳಿಯಲು ಹೊತ್ತು ಹಿಡಿಯಿತು. ಮುಂದಿನ ತಿಂಗಳಿನಿಂದ ಕೇಂದ್ರದ ಊಟ ತಮ್ಮೊಬ್ಬರದಲ್ಲ, ಸುತ್ತಲಿನ ಉಡುಪಿ ಹೋಟೆಲಿನವರೆಲ್ಲ ವಾರದ ದಿನಗಳನ್ನು ಹಂಚಿಕೊಂಡಿದ್ದಾರೆ, ವೀರಭದ್ರಪ್ಪನವರಿಗೂ ನಿನ್ನೆ ತಿಳಿಸಿಯಾಯಿತು ಎಂದರು. ಮಗ ಎರಡು ವಾರದಿಂದ ಹೋಟೆಲು ಹೋಟೆಲು ತಿರುಗಿ ಅವರನ್ನೆಲ್ಲ ಒಪ್ಪಿಸಿದನಂತೆ.

"ನಾವು ಕೊಡ್ತಾ ಇದ್ದೇವಲ್ಲ, ಇಷ್ಟು ಅರ್ಜೆಂಟ್ ಎಂತದ್ದು ಅಂತ ಕೇಳಿದೆ. ಹೇಳುದಿಲ್ಲ. ಕೌಂಟರಿನಲ್ಲಿದ್ದಾನೆ, ನೀವೇ ಕೇಳಿ." ಆಮೇಲೆ ದನಿ ತಗ್ಗಿಸಿದರು. "ನನ್ನದೊಂದು ಬೇರೆ ಉಂಟು. ಊರ್ಮಿಳಾ ಇರುವಾಗ ಅವಳ ಹುಟ್ಟುಹಬ್ಬ ಅಂತ ಮಾಡ್ಲೇ ಇಲ್ಲ ನಾನು. ಹೋಟೆಲು ಹೋಟೆಲು ಅಂತಲೇ ಆಯ್ತು. ಈ ವರ್ಷ ಅವಳ ತಿಥಿಗೆ ಮೌನ ಬೇಡ. ಹಾಡಿಸಿ. ಟೋಪಿ ಹಾಕಿಯೇ ಹಾಡ್ಲಿ."

ನೇತ್ರಾಳ ಕಣ್ಣು ತುಂಬಿತು. ಹಾಡಿಸುತ್ತೇನೆಂದು ಮಾತು ಕೊಟ್ಟು ಕೌಂಟರಿನ ಕಡೆ ನಡೆದಳು. ಆ ನಾಲ್ಕು ಹೆಜ್ಜೆ ಇಡಲು ಅವಳಿಗೆ ಹರಸಾಹಸವಾಯಿತು.

ಅನೀಶ ಸೊರಗಿದ್ದ. ಅವಳನ್ನು ಕಂಡು ಎದ್ದು ನಿಂತವನು, ಕೈಯಲ್ಲಿದ್ದ ಚಿಲ್ಲರೆಯನ್ನು ಗಿರಾಕಿಗೆ ಕೊಡುವ ಬದಲು ಜೇಬಿಗೆ ಹಾಕಿಕೊಂಡ. ಗಿರಾಕಿ ಕೇಳಿ ಇಸಿದುಕೊಂಡು ಹೋದ.

"ಅಷ್ಟು ಹೋಟೆಲ್ ಯಾಕ ತಿರುಗಿದ್ರಿ?" ಎಂದಳು.

"ಅವತ್ತು ನಲ್ಲಿಯ ಹತ್ರ ನಿಮ್ಮ ಮುಖ ನೋಡಿದೆ. ಹೆದರಿದ್ರಿ ನೀವು. ಯಾಕೆ ಅಂತ ಮನೆಗೆ ಹೋದ ಮೇಲೆ ನನಗೆ ಗೊತ್ತಾಯ್ತು." ಅವನು ಅವಳ ಮುಖವನ್ನೇ ನೋಡುತ್ತಿದ್ದ. "ಅಷ್ಟು ಜನರ ಊಟ ನನ್ನ ಕೈಯಲ್ಲಿಟ್ಟುಕೊಂಡು ಕೇಳಿದ್ರೆ ಅದು ಕೇಳಿದ ಹಾಗಲ್ಲ, ಹೆದರಿಸಿದ ಹಾಗೆ. ಈಗ ನೀವು ಬೇಡ ಅಂದ್ರೂ ಟೆಂಪೋ ಬರ್ತದೆ."

ಅವಳು ಮೂಲೆಯ ಟೇಬಲ್ಲಿನ ಕಡೆ ತಿರುಗಿ ನೋಡಿದಳು.

"ನಿಮ್ಮ ಹಾಗೆ ಇನ್ನೊಬ್ಬರ ಕೌಂಟರಿನ ಮುಂದೆ ನಿಂತು ನಗುದು ಎಷ್ಟು ಕಷ್ಟ ಅಂತಲೂ ಗೊತ್ತಾಯ್ತು," ಎಂದು ತಾನೇ ಸ್ವಲ್ಪ ನಕ್ಕ. ಆಮೇಲೆ ನಗು ನಿಲ್ಲಿಸಿದ. "ನೇತ್ರಾ, ನನ್ನನ್ನು ಮದುವೆ ಆಗ್ತೀರಾ? ಈಗಲೇ ಹೇಳ್ಬೇಕಂತ ಇಲ್ಲ."

ಭಯ ಹೋಗುತ್ತದೆ ಎಂದುಕೊಂಡಿದ್ದಳು. ಹೋಗಲಿಲ್ಲ. ಇಷ್ಟು ದಿನ ಊಟದ ನೆಪ ಮುಂದಿಟ್ಟುಕೊಂಡು ಅಡಗಿ ಕೂತಿದ್ದಳು, ಈಗ ಅದೂ ಇಲ್ಲ. ಈ ಮನುಷ್ಯ ತನಗೆ ಬೇಕು, ಬಹಳ ಬೇಕು. ಬೇಕಾದದ್ದು ಕೈತಪ್ಪಿದರೆ ಎನ್ನುವ ಭಯ ಮೊದಲಿನದಕ್ಕಿಂತ ದೊಡ್ಡದಾಗಿತ್ತು.

"ನಂಗ ಇನ್ನೂ ಅಂಜಿಕಿ ಆಗ್ಲಿಕತ್ತದ," ಎಂದಷ್ಟೇ ಹೇಳಿ ಹೊರಟಳು. ಅವನು ತಡೆಯಲಿಲ್ಲ.

ಠಾಣೆ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಿಂತು ನೇತ್ರಾ ಮೊದಲು ಸಹೋದ್ಯೋಗಿ ಅನುಷ್ಕಾಗೆ ಫೋನ್ ಮಾಡಿದಳು. ನಾಳೆಯಿಂದ ನೌಪಾಡಾದ ಹೋಟೆಲುಗಳನ್ನೆಲ್ಲ ನೀನೇ ನೋಡಿಕೊ, ವೀರಭದ್ರಪ್ಪನವರಿಗೆ ಕಾರಣ ನಾನೇ ಹೇಳುತ್ತೇನೆ ಎಂದಳು. ಅನುಷ್ಕಾ ಮರಾಠಿಯಲ್ಲಿ ಏನೋ ಕೇಳಿ ಕಿಸಕ್ಕನೆ ನಕ್ಕಳು.

ಆಮೇಲೆ ಇನ್ನೊಂದು ನಂಬರು ಒತ್ತಿದಳು. ರಿಂಗಾಗುತ್ತಿದ್ದಂತೆ ಹೇಳಲು ಏನಾದರೂ ಇದೆಯೇ ಎಂದು ಹುಡುಕಿದಳು. ಉಪ್ಪಿಲ್ಲ, ಅನ್ನವಿಲ್ಲ, ಫೋಟೋ ಇಲ್ಲ.

"ಹಲೋ, ಊಟದಲ್ಲಿ ಎಂತಾದ್ರೂ ಹೆಚ್ಚುಕಮ್ಮಿ ಆಯ್ತಾ?" ಅಭ್ಯಾಸಬಲದಿಂದ ಅನೀಶ ಕೇಳಿದ.

"ಇಲ್ರಿ. ನಾಳಿಂದ ಊಟದ್ದು ಅನುಷ್ಕಾ ಕೇಳ್ತಾಳ."

"ಮತ್ತೆ ನೀವು?"

"ನಾ ಸುಮ್ನ ಫೋನ್ ಮಾಡೇನಿ. ಇನ್ನ ಮ್ಯಾಲ ಸುಮ್ನ ಮಾಡ್ತೀನಿ."

ಆ ಕಡೆ ಲೋಟಗಳ ಸದ್ದು, ಯಾರೋ ಮಸಾಲೆ ದೋಸೆ ಎಂದು ಕೂಗಿದ ಸದ್ದು ಕೇಳಿಸಿತು.

"ಅದು ಉತ್ತರವಾ?" ಎಂದ ಕೊನೆಗೆ.

"ಹೌದ್ರಿ."

ಕಲ್ಯಾಣದ ಲೋಕಲ್ ಬಂದು ನಿಂತಿತು, ಹೊರಟೂ ಹೋಯಿತು. ನೇತ್ರಾ ಹತ್ತಲಿಲ್ಲ. ಹೆದರಿಕೆ ಇನ್ನೂ ಇತ್ತು, ಹೇಳಲು ಏನೂ ಇರಲಿಲ್ಲ, ಆದರೂ ಇಬ್ಬರೂ ಫೋನ್ ಇಡಲಿಲ್ಲ.